ಕೂಸಿನ ತೂಕ ಎಲ್ಲರೂ ಕೇಳುತ್ತಾರೆ, ಉದ್ದ ಯಾರೂ ಕೇಳುವುದಿಲ್ಲ

ಹಾಸನದ ಆಸ್ಪತ್ರೆಯಿಂದ ಹೆರಿಗೆಯಾದ ಸುದ್ದಿ ಬಂತು ಅಂದರೆ ಊರಲ್ಲಿ ಎರಡೇ ಪ್ರಶ್ನೆ. ಗಂಡೋ, ಹೆಣ್ಣೋ? ಎಷ್ಟು ಕೆ.ಜಿ. ಇದೆ? ಅರಕಲಗೂಡಿನಲ್ಲೂ ಇದೇ ಮಾತು, ಸಕಲೇಶಪುರದ ಕಾಫಿ ತೋಟದ ಲೈನ್ ಮನೆಗಳಲ್ಲೂ ಇದೇ ಮಾತು. ಮೂರು ಕೆ.ಜಿ. ಅಂದರೆ ಅಜ್ಜಿಗೆ ಸಮಾಧಾನ. ಎರಡೂಕಾಲು ಅಂದರೆ ಮುಖ ಸಪ್ಪಗಾಗುತ್ತದೆ. ತಾಯಿ ಕಾರ್ಡ್ ಕೈಗೆ ಬಂದಾಗಲೂ ಮೊದಲು ಹುಡುಕುವುದು ತೂಕವನ್ನೇ. ಕೂಸು ಎಷ್ಟು ಉದ್ದ ಇದೆ, ತಲೆಯ ಸುತ್ತಳತೆ ಎಷ್ಟು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಕೇಳಬೇಕು. ತೂಕ, ಉದ್ದ, ತಲೆ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿದಾಗಲೇ ಕೂಸು ಹೊಟ್ಟೆಯೊಳಗೆ ಹೇಗೆ ಬೆಳೆಯಿತು ಅನ್ನುವುದು ತಿಳಿಯುವುದು.

ದಿನ ತುಂಬಿ ಹುಟ್ಟಿದ ಕೂಸು ಸುಮಾರು 50 ಸೆಂ.ಮೀ. ಉದ್ದ ಇರುತ್ತದೆ. ತಲೆಯ ಸುತ್ತಳತೆ 34ರ ಆಸುಪಾಸು. ಎದೆ ಅದಕ್ಕಿಂತ ಎರಡು ಸೆಂ.ಮೀ.ನಷ್ಟು ಚಿಕ್ಕದು. ಉದ್ದದಲ್ಲಿ ಕಾಲು ಭಾಗ ಬರೀ ತಲೆಯೇ. ದೊಡ್ಡವರಲ್ಲಿ ತಲೆ ಎಂಟರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೂಸಿನ ಮೈಯ ನಟ್ಟನಡುವೆ ಬರುವುದು ಹೊಕ್ಕುಳ. ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ನೆತ್ತಿಯವರೆಗಿನ ಭಾಗ, ಅಲ್ಲಿಂದ ಅಂಗಾಲಿನವರೆಗಿನ ಭಾಗದ 1.7 ಪಟ್ಟು ಇರುತ್ತದೆ. ಮುಂದೆ ಕಾಲು ಬೆಳೆಯುತ್ತಾ ಹೋಗಿ, ಮಗುವಿಗೆ ಹತ್ತು ವರ್ಷ ಆಗುವ ಹೊತ್ತಿಗೆ ಎರಡೂ ಸಮ. ಹುಟ್ಟಿನಿಂದಲೇ ಕೈಕಾಲು ಗಿಡ್ಡವಾಗಿರುವ ಅಕಾಂಡ್ರೊಪ್ಲೇಸಿಯಾ ಇದ್ದರೆ ಈ ಲೆಕ್ಕ ತಪ್ಪುತ್ತದೆ. ಆದರೆ ಅಂಥ ಕೂಸಿನ ತೂಕ ಹೆಚ್ಚುಕಡಿಮೆ ಸರಿಯಾಗಿಯೇ ಇರಬಹುದು. ತಕ್ಕಡಿಗೆ ಕಾಣದ್ದು ಟೇಪಿಗೆ ಕಾಣುತ್ತದೆ.

ಬೇಲೂರು, ಹಳೇಬೀಡು ಇರುವ ಜಿಲ್ಲೆಗೆ ಅಳತೆಯ ಮಾತು ಹೊಸದಲ್ಲ. ಶಿಲ್ಪಿಗಳ ತಾಳಮಾನದಲ್ಲಿ ಮುಖದ ಉದ್ದ ಅಂದರೆ ಒಂದು ತಾಳ. ದೊಡ್ಡವರ ಮೂರ್ತಿಗೆ ಎಂಟು, ಒಂಬತ್ತು, ಹತ್ತು ತಾಳ. ಬಾಲರೂಪಕ್ಕೆ ಐದೇ ತಾಳ. ಮಗು ಅಂದರೆ ಕುಗ್ಗಿಸಿದ ದೊಡ್ಡವನಲ್ಲ ಅಂತ ಶಿಲ್ಪಿಗಳಿಗೆ ಗೊತ್ತಿತ್ತು.

ವೈದ್ಯರ ಕೈಗೆ ತಕ್ಕಡಿ ಬಂದದ್ದು ತಡವಾಗಿ. ಹದಿನೆಂಟನೇ ಶತಮಾನದ ನಡುವಿನವರೆಗೂ ಯುರೋಪಿನ ಹೆಸರಾಂತ ಹೆರಿಗೆ ವೈದ್ಯರು ಎಳೆಗೂಸಿನ ತೂಕ ಹನ್ನೆರಡು ಪೌಂಡ್ (ಐದು ಕೆ.ಜಿ.ಗೂ ಹೆಚ್ಚು), ಅದಕ್ಕೂ ಮೇಲೆ ಅಂತ ಬರೆದಿದ್ದರು. ತೂಗಿ ನೋಡದೆ ಬರೆದದ್ದು. 1753ರಲ್ಲಿ ಜರ್ಮನಿಯ ಗಟಿಂಗೆನ್‌ನ ಯೋಹಾನ್ ಗೇಯೋರ್ಗ್ ರೋಡರರ್ ನಿಜವಾಗಿಯೂ ತೂಗಿ, ಉದ್ದ ಅಳೆದು, ಆರೇಳು ಪೌಂಡ್ ಅಂತ ತೋರಿಸಿದ. ಸ್ವಲ್ಪ ಸಮಯದಲ್ಲೇ ಫ್ರಾನ್ಸಿನಲ್ಲಿ ಮೊಂಬೆಯಾರ್ ಎಂಬಾತ ತನ್ನ ಮಗನನ್ನು ಹುಟ್ಟಿದ 1759ರಿಂದ ಹದಿನೆಂಟು ವರ್ಷ ಬಿಡದೆ ಅಳೆದ. ಒಂದೇ ಮಗುವನ್ನು ಹೀಗೆ ಬೆನ್ನು ಹತ್ತಿ ಅಳೆದು ಬರೆದಿಟ್ಟ ಮೊದಲ ದಾಖಲೆ ಅದು.

ಆಮೇಲೆ ತೂಕವೇ ರಾಜ್ಯವಾಳಿತು. ಕಾರಣ ಸರಳ. ತೂಗುವುದು ಸುಲಭ. ಫಿನ್‌ಲ್ಯಾಂಡಿನ ಮಕ್ಕಳ ವೈದ್ಯ ಅರ್ವೊ ಉಲ್ಪೊ 1919ರ ಸುಮಾರಿಗೆ 2,500 ಗ್ರಾಂ ಎಂಬ ಗೆರೆ ಎಳೆದರು. ಅದಕ್ಕಿಂತ ಕಡಿಮೆ ಇದ್ದರೆ ದಿನ ತುಂಬದ ಕೂಸು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಒಪ್ಪಿತು. ಇಲ್ಲಿ ಒಂದು ದೊಡ್ಡ ಗೊಂದಲ ಹುಟ್ಟಿಕೊಂಡಿತು. ಬಡ ದೇಶಗಳಲ್ಲಿ ದಿನ ತುಂಬಿ ಹುಟ್ಟಿದ ಎಷ್ಟೋ ಕೂಸುಗಳು ಎರಡೂವರೆ ಕೆ.ಜಿ. ದಾಟುವುದಿಲ್ಲ. ಅವೆಲ್ಲ ದಿನ ತುಂಬದವು ಅಂತ ಲೆಕ್ಕಕ್ಕೆ ಸೇರಿದವು. 1961ರಲ್ಲಿ ಸಂಸ್ಥೆ ತಿದ್ದಿಕೊಂಡು, ಅವನ್ನು ಬರೀ ಕಡಿಮೆ ತೂಕದ ಕೂಸು ಅಂತ ಕರೆಯಬೇಕು ಅಂದಿತು. ಎರಡು ವರ್ಷದ ಬಳಿಕ ಅಮೆರಿಕದ ಡೆನ್ವರ್‌ನಲ್ಲಿ ಮಕ್ಕಳ ವೈದ್ಯೆ ಲೂಲಾ ಲುಬ್ಚೆಂಕೊ, ಎಷ್ಟನೇ ವಾರಕ್ಕೆ ಎಷ್ಟು ತೂಕ ಎಂಬ ಚಾರ್ಟ್ ಮಾಡಿದರು. 1966ರಲ್ಲಿ ಅದಕ್ಕೆ ಉದ್ದ, ತಲೆ ಸುತ್ತಳತೆ ಎರಡೂ ಸೇರಿದವು. ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ. ಅಂಥ ಎತ್ತರದಲ್ಲಿ ಕೂಸುಗಳು ತುಸು ಚಿಕ್ಕದಾಗಿಯೇ ಹುಟ್ಟುತ್ತವೆ. ಹಾಗಾಗಿ ಆ ಚಾರ್ಟ್ ಎಲ್ಲ ಕಡೆಗೂ ಒಪ್ಪುವುದಿಲ್ಲ ಎಂಬ ತಕರಾರು ಬಂತು. ಆದರೂ ದಾರಿ ತೋರಿಸಿದ್ದು ಅವರೇ.

ಎರಡು ಕೂಸುಗಳನ್ನು ಪಕ್ಕಪಕ್ಕ ಮಲಗಿಸಿ ನೋಡೋಣ. ಎರಡೂ 2,300 ಗ್ರಾಂ. ಒಂದು 45 ಸೆಂ.ಮೀ. ಉದ್ದ, ಇನ್ನೊಂದು 50. ಗ್ರಾಂನಲ್ಲಿರುವ ತೂಕವನ್ನು ನೂರರಿಂದ ಗುಣಿಸಿ, ಸೆಂ.ಮೀ.ನಲ್ಲಿರುವ ಉದ್ದದ ಘನದಿಂದ (ಉದ್ದ × ಉದ್ದ × ಉದ್ದ) ಭಾಗಿಸಬೇಕು. ಇದಕ್ಕೆ ಪಾಂಡರಲ್ ಇಂಡೆಕ್ಸ್ ಅನ್ನುತ್ತಾರೆ. ಮೊದಲನೆಯದಕ್ಕೆ 2.5 ಬರುತ್ತದೆ. ಆ ಕೂಸು ಪುಟ್ಟದು, ಆದರೆ ಮೈ ಹದವಾಗಿದೆ. ಎರಡನೆಯದಕ್ಕೆ 1.8. ಎರಡಕ್ಕಿಂತ ಕಡಿಮೆ ಬಂದರೆ ಕೂಸು ಸೊರಗಿದೆ ಅಂತ ಅರ್ಥ. ತಲೆ, ಎಲುಬು ಬೆಳೆದಿವೆ. ಕೊನೆಯ ತಿಂಗಳುಗಳಲ್ಲಿ ಊಟ ಸಾಲದೆ ಮೈ ತುಂಬಿಲ್ಲ. ತೊಡೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿರುತ್ತದೆ. ಇಂಥ ಕೂಸಿಗೆ ಹುಟ್ಟಿದ ಮೊದಲ ಗಂಟೆಗಳಲ್ಲೇ ರಕ್ತದ ಸಕ್ಕರೆ ಇಳಿಯುವ ಭಯ ಇರುತ್ತದೆ. ಬೇಗ ಹಾಲು ಕುಡಿಸಬೇಕು, ಬೆಚ್ಚಗಿಡಬೇಕು. ಒಂದೇ ತೂಕದ ಈ ಎರಡು ಕೂಸುಗಳ ಕತೆ ಬೇರೆ ಬೇರೆ, ಅಲ್ವಾ?

ಈ ಇತಿಹಾಸದ ಒಂದು ದೊಡ್ಡ ಅಧ್ಯಾಯ ನಮ್ಮ ಪಕ್ಕದ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಪ್ರತಿ ಕೂಸಿನ ತೂಕ, ಉದ್ದ, ತಲೆ ಸುತ್ತಳತೆ ಮೂರನ್ನೂ ಹೆರಿಗೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷದ ಮೇಲೆ ಆ ಪುಸ್ತಕ ಹಿಡಿದು, ಆಗ ಹುಟ್ಟಿದವರನ್ನು ಸಂಶೋಧಕರು ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದು ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ. 3.1 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 3. ಸಕ್ಕರೆ ಕಾಯಿಲೆಯದು ಬೇರೆಯೇ ದಾರಿ. 1998ರ ವರದಿಯಲ್ಲಿ, ಹುಟ್ಟುವಾಗ ಗಿಡ್ಡವಾಗಿದ್ದು, ಆ ಉದ್ದಕ್ಕೆ ತೂಕ ಜಾಸ್ತಿ ಇದ್ದವರಲ್ಲೇ ಅದು ಹೆಚ್ಚು ಕಂಡಿತು. ಉದ್ದ ಬರೆದಿಡದೇ ಹೋಗಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಪುಸ್ತಕ ಬರೆದಿಟ್ಟ ನರ್ಸಮ್ಮಂದಿರ ಹೆಸರು ಯಾವ ವರದಿಯ ತಲೆಬರಹದಲ್ಲೂ ಇಲ್ಲ, ಆದರೆ ಕೆಲಸ ಅವರದೇ. 2003ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇನ್ನೊಂದು ಎಳೆ ಸೇರಿಸಿತು. ಅಲ್ಲಿನ ಹಳ್ಳಿ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನವು 3.5. ನಮ್ಮವಕ್ಕೆ ಹೊಟ್ಟೆಯ ಸುತ್ತಳತೆ, ತೋಳು ತುಂಬಾ ಚಿಕ್ಕದು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ.

ಇನ್ನು ಅಳೆಯುವ ಕೈಯ ಮಾತು. ತಲೆಗೆ ಹಿಗ್ಗದ ಟೇಪ್ ಬೇಕು. ಹುಬ್ಬಿನ ಮೇಲಿಂದ, ಹಿಂದಲೆ ಉಬ್ಬಿದ ಜಾಗಕ್ಕೆ ಸುತ್ತು ಹಾಕಬೇಕು. ಸಹಜ ಹೆರಿಗೆಯಲ್ಲಿ ತಲೆ ಒತ್ತಿಕೊಂಡು ಉದ್ದವಾಗಿರುತ್ತದೆ. ಹಾಗಾಗಿ ಒಂದೆರಡು ದಿನ ಬಿಟ್ಟು ಮತ್ತೆ ಅಳೆಯುವುದು ಒಳ್ಳೆಯದು. ಎಣ್ಣೆನೀರು ಹಾಕುವಾಗ ತಲೆ ಒತ್ತಿ ಗುಂಡು ಮಾಡಬೇಕಾಗಿಲ್ಲ. ಅದು ತಾನೇ ಸರಿಹೋಗುತ್ತದೆ. ಎಳೆತಲೆಯನ್ನು ಸುಮ್ನೆ ಬಿಡಿ.

ಒಂದು ಸೆಂ.ಮೀ. ಎಷ್ಟು ದೊಡ್ಡದು ಅಂತ ಬ್ರೆಜಿಲ್ ನೋಡಿದೆ. 2015ರಲ್ಲಿ, ಬಸುರಿಗೆ ತಗುಲಿದರೆ ಕೂಸಿನ ತಲೆ ಚಿಕ್ಕದಾಗಬಹುದಾದ ಝೀಕಾ ವೈರಸ್ ಹಬ್ಬಿದಾಗ, ತಲೆ 33 ಸೆಂ.ಮೀ. ಅಥವಾ ಕಡಿಮೆ ಇದ್ದ ಕೂಸುಗಳನ್ನೆಲ್ಲ ಅನುಮಾನದ ಪಟ್ಟಿಗೆ ಸೇರಿಸಿದರು. ಆರೋಗ್ಯವಾಗಿದ್ದ ಎಷ್ಟೋ ಕೂಸುಗಳೂ ಅದರಲ್ಲಿ ಬಂದವು. ಡಿಸೆಂಬರ್‌ನಲ್ಲಿ ಗೆರೆ 32ಕ್ಕೆ ಇಳಿಯಿತು. ಮುಂದಿನ ವರ್ಷ ಇನ್ನಷ್ಟು ಇಳಿಯಿತು.

ಈಗ ಗೆರೆಗಳಿಗೆ ಕೊರತೆ ಇಲ್ಲ. 2006ರ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ಗೆ ದಕ್ಷಿಣ ದೆಹಲಿಯ ಮಕ್ಕಳನ್ನೂ ಅಳೆದಿದ್ದಾರೆ. ಹಲವು ದೇಶಗಳ ಕೂಸುಗಳನ್ನು ಅಳೆದು ಮಾಡಿದ 2014ರ ಇಂಟರ್‌ಗ್ರೋತ್ ಚಾರ್ಟ್‌ಗೆ ನಾಗಪುರದ ಕೂಸುಗಳನ್ನು ಅಳೆದಿದ್ದಾರೆ. ಕಷ್ಟ ಇರುವುದು ಉದ್ದ ಅಳೆಯುವುದರಲ್ಲಿ. ಅದಕ್ಕೆ ಇನ್‌ಫ್ಯಾಂಟೋಮೀಟರ್ ಎಂಬ ಅಳತೆ ಹಲಗೆ ಬೇಕು, ಇಬ್ಬರು ಬೇಕು. ಒಬ್ಬರು ನೆತ್ತಿಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ನೇರ ಮಾಡಿ ಪಾದಕ್ಕೆ ಪಟ್ಟಿ ಒತ್ತಬೇಕು. ಹಾಸಿಗೆ ಮೇಲೆ ಟೇಪ್ ಎಳೆದು ಅಂದಾಜು ಬರೆದರೆ ಒಂದೆರಡು ಸೆಂ.ಮೀ. ಸುಲಭವಾಗಿ ತಪ್ಪುತ್ತದೆ. ತುಂಬಿದ ವಾರ್ಡಿನಲ್ಲಿ ಎರಡನೇ ಕೈ ಸಿಗುವುದು ಕಷ್ಟ. ಆ ಕೈ ಅಜ್ಜಿಯದೇ ಆಗಬಹುದು. ಸಿಸ್ಟರ್ ಹೇಳಿಕೊಟ್ಟರೆ ನೆತ್ತಿ ಹಿಡಿಯಲು ಅವರಿಗೆ ಬರುತ್ತದೆ. ಮನೆಗೆ ಹೊರಡುವ ಮುಂಚೆ ಮೂರೂ ಅಳತೆ ಬರೆಸಿಕೊಳ್ಳಿ. ತಾಯಿ ಕಾರ್ಡಿನ ಮೂಲೆಯಲ್ಲಾದರೂ ಸರಿ, ತಾರೀಖಿನ ಸಮೇತ.