ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆಯಾ?

ಜನವರಿಯಲ್ಲಿ ಅಮ್ಮ ಅಕ್ಕನ ಮನೆಗೆ ದುಬೈಗೆ ಹೊರಟಿದ್ದರು. ಭಾವ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಟಿಕೆಟನ್ನು ಕನ್ನಡಕ ಏರಿಸಿಕೊಂಡು ಓದಿದರು. ಮಂಗಳೂರು ಬಿಡುವುದು ಬೆಳಗ್ಗೆ 9ಕ್ಕೆ, ದುಬೈ ಸೇರುವುದು 11:10ಕ್ಕೆ. ವಾಪಸ್ ಬರುವಾಗ ಅಲ್ಲಿ ಮಧ್ಯಾಹ್ನ 12:10ಕ್ಕೆ ಬಿಟ್ಟರೆ ಇಲ್ಲಿಗೆ ಸಂಜೆ 4:50.

"ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆಯಾ? ಬರುವಾಗ ಸುತ್ತು ಹಾಕಿ ಬರ್ತದಾ ಹೇಗೆ?"

ತಮಾಷೆ ಅಂದರೆ, ನಿಜಕ್ಕೂ ಜಾಸ್ತಿ ಹೊತ್ತು ಹಿಡಿಯುವುದು ಹೋಗುವಾಗಲೇ.

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಹೊತ್ತು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಯ 11:10 ಅಂದರೆ ನಮ್ಮ 12:40. ಅಲ್ಲಿಗೆ ಹೋಗುವ ಪ್ರಯಾಣ 3 ಗಂಟೆ 40 ನಿಮಿಷ. ಹೀಗೇ ಲೆಕ್ಕ ಹಾಕಿದರೆ ಬರುವುದು 3 ಗಂಟೆ 10 ನಿಮಿಷ.

ಆ ಒಂದೂವರೆ ಗಂಟೆಯನ್ನೂ ಸೂರ್ಯ ಒಪ್ಪುವುದಿಲ್ಲ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಎರಡೂ ಊರಿನ ನಡುವೆ ರೇಖಾಂಶದಲ್ಲಿ ಹತ್ತೊಂಬತ್ತೂವರೆ ಡಿಗ್ರಿ ಅಂತರ, ಅಂದರೆ 78 ನಿಮಿಷ. ಉಳಿದ 12 ನಿಮಿಷ ನಾವು ಮನುಷ್ಯರು ಸೇರಿಸಿದ್ದು. ಭಾರತದ ಗಡಿಯಾರ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಗೆ ಹೊಂದಿಸಿದ್ದು. ಮಂಗಳೂರು ಇರುವುದು 75 ಡಿಗ್ರಿಯ ಹತ್ತಿರ. ಹಾಗಾಗಿ ನಮ್ಮ ಅಂಗಳದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ದುಬೈಯವರೂ ಹೀಗೇ ಸ್ವಲ್ಪ ಮುಂದಿಟ್ಟುಕೊಂಡಿದ್ದಾರೆ.

ಇನ್ನು ದೂರ. ನೇರ ದಾರಿಯಲ್ಲಿ ಸುಮಾರು 2,460 ಕಿ.ಮೀ. ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಉದ್ದ 2,450 ಮೀಟರ್. ಅಂಥ ಸಾವಿರ ರನ್‌ವೇ ಸಾಲಾಗಿ ಜೋಡಿಸಿದರೆ ದುಬೈ! ಇದಕ್ಕೆ ಅರ್ಥವೇನೂ ಇಲ್ಲ, ಸುಮ್ನೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ.

ದೂರ ಒಂದೇ ಆದರೂ ಅರ್ಧ ಗಂಟೆಯ ವ್ಯತ್ಯಾಸ ಯಾಕೆ? ಗಾಳಿಯಿಂದ. ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಕೊಲ್ಲಿಯ ಕಡೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ವಿಮಾನದ ವೇಗ ಗಂಟೆಗೆ 830 ಕಿ.ಮೀ., ಎದುರುಗಾಳಿ ಸರಾಸರಿ 80 ಅಂತಿಟ್ಟುಕೊಳ್ಳಿ. ನೆಲದ ಲೆಕ್ಕದಲ್ಲಿ ಉಳಿಯುವುದು 750. ಹೋಗಲು 3 ಗಂಟೆ 17 ನಿಮಿಷ. ಬರುವಾಗ ಅದೇ ಗಾಳಿ ಬೆನ್ನಿಗೆ, ವೇಗ 910, ಹೊತ್ತು 2 ಗಂಟೆ 42 ನಿಮಿಷ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಅಂತ ಇನ್ನೊಂದು 25 ನಿಮಿಷ ಸೇರಿಸಿದರೆ ಅಮ್ಮನ ಟಿಕೆಟ್‌ಗೆ ಸರಿಹೋಯಿತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುತ್ತದಾ? ಇಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 5 ಗಂಟೆ 56 ನಿಮಿಷ ಸಾಕಿತ್ತು, ಈಗ 5:59. ಎದುರುಗಾಳಿಯಲ್ಲಿ ಇರುವ ಹೊತ್ತೇ ಜಾಸ್ತಿ, ಅಲ್ವಾ?

ಮಳೆಗಾಲದಲ್ಲಿ ಆಟ ಬದಲಾಗುತ್ತದೆ. ಜುಲೈಯಲ್ಲಿ ಪಣಂಬೂರಿನಲ್ಲಿ ಕೊಡೆ ಮಗುಚುವ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ. ಆದರೆ ಅದೇ ಆಕಾಶದಲ್ಲಿ 14-15 ಕಿ.ಮೀ. ಮೇಲೆ ಗಾಳಿ ತದ್ವಿರುದ್ಧ, ಪೂರ್ವದಿಂದ ಪಶ್ಚಿಮಕ್ಕೆ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ವಿಮಾನ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಆದರೂ 11 ಕಿ.ಮೀ. ಎತ್ತರದಲ್ಲೂ ಆ ಗಾಳಿಯ ಅಂಚು ಸಿಗುತ್ತದೆ. ಆಗ ದುಬೈಗೆ ಹೊರಟವರಿಗೆ ದಾರಿಯ ಮೊದಲ ಭಾಗದಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ ದೂಡಿದ ಹಾಗೆ.