ಮೊದಲು ಹೇಳಿ, ಈ ಮರೆವು ಯಾವಾಗಿನಿಂದ?

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇದ್ದವರಿಗೆ ವಯಸ್ಸಾದ ಮೇಲೆ ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಬರುವ ಸಾಧ್ಯತೆ ಮೂರು ಪಟ್ಟು ಜಾಸ್ತಿ ಅಂತ ಎಲ್ಲೋ ಓದಿ, ಗಾಬರಿಯಿಂದ ಬರುವವರು ಈಗ ಬಹಳ. ಇನ್ನು ಕೆಲವರದ್ದು ಇದಕ್ಕೆ ಪೂರ್ತಿ ಉಲ್ಟಾ. ಅರವತ್ತು ದಾಟಿದ ಅಪ್ಪನಿಗೆ ಹೊಸದಾಗಿ ಮರೆವು ಶುರುವಾಗಿರುತ್ತದೆ. ‘ಮೊಮ್ಮಗನಿಗೆ ಇರೋ ಎಡಿಎಚ್‌ಡಿನೇ ಇವರಿಗೂ ಇದೆ, ಬಿಡಿ’ ಅಂತ ಮನೆಯವರು ಸುಮ್ಮನಾಗಿರುತ್ತಾರೆ. ನನಗೆ ಚಿಂತೆ ಜಾಸ್ತಿ ಇರುವುದು ಈ ಎರಡನೆಯವರ ಬಗ್ಗೆ.

ಇಬ್ಬರನ್ನೂ ನಾನು ಮೊದಲು ಕೇಳುವುದು ಒಂದೇ: ಯಾವಾಗಿನಿಂದ? ಉತ್ತರ ಮಾತ್ರ ಸಿಗುವುದಿಲ್ಲ. ‘ತುಂಬಾ ಮರೀತಾರೆ ಡಾಕ್ಟರೇ’ ಅನ್ನುತ್ತಾರೆ. ಎಷ್ಟು ಮರೆಯುತ್ತಾರೆ ಅಂತ ನಾನು ಕೇಳಿಲ್ಲ. ಎಡಿಎಚ್‌ಡಿ ಬಾಲ್ಯದಿಂದಲೇ ಜೊತೆಗಿರುವಂಥದ್ದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಅದರ ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಅರವತ್ತೆರಡರಲ್ಲಿ ಅದು ಮೊದಲ ಸಲ ಪತ್ತೆಯಾಗಬಹುದು. ಆದರೆ ತೊಂದರೆಯೇ ಅರವತ್ತೆರಡರಲ್ಲಿ ಶುರುವಾಗಿದ್ದರೆ ಬೇರೆ ಕಾರಣ ಹುಡುಕಲೇಬೇಕು.

ಒಬ್ಬರು ಅಂಗಿ ಜೇಬಿನ ತುಂಬ ಚೀಟಿ ಇಟ್ಟುಕೊಂಡು ಬಂದಿದ್ದರು. ಮಗಳಿಗೆ ಅಳುವೇ ಬರುವಂತಿತ್ತು. ಜೊತೆಗೆ ಬಂದಿದ್ದ ಅವರ ಅಕ್ಕ ಮಾತ್ರ ನೆಮ್ಮದಿಯಿಂದ ಕೂತಿದ್ದರು. ‘ಇವನು ಪರೀಕ್ಷೆಗೆ ಪೆನ್ನು ಬಿಟ್ಟು ಹೋಗ್ತಿದ್ದ ಹುಡುಗ. ಹಿಂದೆ ಓಡ್ತಿದ್ದವಳು ನಾನು’ ಅಂದರು. ಪರೀಕ್ಷೆ ಮಾಡದೆ ಕಳಿಸಲಿಲ್ಲ ನಿಜ. ಆದರೆ ಆ ಅಕ್ಕನ ಮಾತು ನನಗೆ ಸ್ಕ್ಯಾನ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಇನ್ನೊಬ್ಬರು ಕೆಲಸಕ್ಕೆ ಸೇರಿದಾಗಿನಿಂದ ಒಂದು ಅಂಕಿ ತಪ್ಪದಂತೆ ಲೆಕ್ಕ ಬರೆದವರು. ಈಚೆಗೆ ಒಂದೇ ಬಿಲ್ ಎರಡು ಸಲ ಕಟ್ಟಿದ್ದರು. ರಸೀದಿ ಕೈಗೆ ಕೊಟ್ಟರೂ ಮೊದಲ ಸಲ ಕಟ್ಟಿದ್ದು ನೆನಪಿಗೆ ಬರಲಿಲ್ಲ. ಮೊಬೈಲ್‌ನಲ್ಲಿ ಸಿಗುವ ಯಾವುದೋ ಪ್ರಶ್ನಾವಳಿ ತುಂಬಿ, ತನಗಿರುವುದು ಎಡಿಎಚ್‌ಡಿ ಅಂತ ತೀರ್ಮಾನಿಸಿಕೊಂಡು ಬಂದಿದ್ದರು.

ಎರಡೂ ಮರೆವೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಎಡಿಎಚ್‌ಡಿಯಲ್ಲಿ ಬೀಗದ ಕೈ ಇಡುವಾಗ ಗಮನ ಅಲ್ಲಿರುವುದಿಲ್ಲ, ಹಾಗಾಗಿ ವಿಷಯ ತಲೆಯೊಳಗೆ ಹೋಗಿರುವುದೇ ಇಲ್ಲ. ಗಮನ ಕೊಟ್ಟು ಕೇಳಿಸಿಕೊಂಡ ವಿಷಯವಾದರೆ, ಸಣ್ಣ ಸುಳಿವು ಕೊಟ್ಟರೂ ಸಾಮಾನ್ಯವಾಗಿ ನೆನಪಾಗುತ್ತದೆ. ಡಿಮೆನ್ಶಿಯಾದ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಗಮನ ಕೊಟ್ಟು ಕೇಳಿದ್ದೂ ಉಳಿಯುವುದಿಲ್ಲ, ಸುಳಿವು ಹೆಚ್ಚು ಸಹಾಯ ಮಾಡುವುದಿಲ್ಲ. ದಯವಿಟ್ಟು ಇದನ್ನೇ ಪರೀಕ್ಷೆ ಮಾಡಿಕೊಂಡು ಮನೆಯಲ್ಲಿ ತೀರ್ಪು ಕೊಡಬೇಡಿ. ಖಿನ್ನತೆ, ಥೈರಾಯ್ಡ್, ಬಿ12 ಕೊರತೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ನಿದ್ರೆ ಮಾತ್ರೆ, ಕಿವಿ ಮಂದವಾಗುವುದು, ಇವೆಲ್ಲ ಮರೆವಿನ ಹಾಗೇ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯೂ ಇದೆ.

ಇನ್ನು ಆ ಮೂರು ಪಟ್ಟು. ಇಸ್ರೇಲಿನಲ್ಲಿ 1,09,000ಕ್ಕೂ ಹೆಚ್ಚು ಹಿರಿಯರ ದಾಖಲೆಗಳನ್ನು 2003ರಿಂದ 2020ರವರೆಗೆ ನೋಡಿದ ಅಧ್ಯಯನ ಅದು. 2023ರಲ್ಲಿ ಪ್ರಕಟವಾಯಿತು. ದೊಡ್ಡವರಾದ ಮೇಲೆ ಎಡಿಎಚ್‌ಡಿ ಪತ್ತೆಯಾದವರು ಅದರಲ್ಲಿ 730 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 13 ಜನರಿಗೆ ಡಿಮೆನ್ಶಿಯಾ ಬಂತು, ಉಳಿದವರಲ್ಲಿ ನೂರಕ್ಕೆ 7 ಜನರಿಗೆ. ವಯಸ್ಸು, ಬೇರೆ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತಂದ ಮೇಲೆ ಸಿಕ್ಕಿದ್ದು 2.77 ಪಟ್ಟು. ಇದು ಕಡೆಗಣಿಸುವ ಸಂಖ್ಯೆ ಅಲ್ಲ. ಆದರೆ ಆ ನೂರರಲ್ಲಿ ಡಿಮೆನ್ಶಿಯಾ ಬಾರದ 87 ಜನರ ಬಗ್ಗೆಯೂ ಯೋಚಿಸಬೇಕಲ್ಲ?

ಇಲ್ಲೂ ನನ್ನ ಪ್ರಶ್ನೆ ಅದೇ. ಇಳಿವಯಸ್ಸಿನಲ್ಲಿ ಎಡಿಎಚ್‌ಡಿ ಅಂತ ಬರೆದ ಕೆಲವರಲ್ಲಿ ಅದು ಆಗ ತಾನೇ ಶುರುವಾಗಿದ್ದ ಡಿಮೆನ್ಶಿಯಾವೇ ಆಗಿರಬಹುದಾ? ಸಂಶೋಧಕರೂ ಇದನ್ನು ಪರಿಶೀಲಿಸಿದ್ದಾರೆ. ಅದೊಂದರಿಂದಲೇ ಸಂಬಂಧವನ್ನು ತಳ್ಳಿಹಾಕಲು ಆಗಲಿಲ್ಲ. ಸ್ವೀಡನ್ನಿನ ಒಂದು ಅಧ್ಯಯನದಲ್ಲಿ ಖಿನ್ನತೆಯಂಥ ಮಾನಸಿಕ ಕಾಯಿಲೆಗಳನ್ನು ಲೆಕ್ಕಕ್ಕೆ ತಂದಾಗ ಸಂಬಂಧ ಸಾಕಷ್ಟು ತೆಳುವಾಯಿತು. ನನಗೆ ಇದರಲ್ಲಿ ಅರ್ಥ ಕಾಣುತ್ತದೆ. ಎಡಿಎಚ್‌ಡಿ ಇದ್ದವರಲ್ಲಿ ಸಿಗರೇಟು, ಕೆಟ್ಟ ನಿದ್ರೆ, ತಲೆಗೆ ಪೆಟ್ಟು, ಬೊಜ್ಜು ಉಳಿದವರಿಗಿಂತ ಜಾಸ್ತಿ. ಇವು ಮಿದುಳಿಗೂ ಒಳ್ಳೆಯದಲ್ಲ. ಅದೇ ದೇಶದ ಮತ್ತೊಂದು ಅಧ್ಯಯನದಲ್ಲಿ, ಎಡಿಎಚ್‌ಡಿ ಇದ್ದವರ ತಂದೆತಾಯಿಗಳಲ್ಲಿ ಡಿಮೆನ್ಶಿಯಾ ಅಪಾಯ 34 ಶೇಕಡಾ ಹೆಚ್ಚು ಕಂಡಿತು, ಅಜ್ಜ ಅಜ್ಜಿಯರಲ್ಲಿ ಅದಕ್ಕಿಂತ ಕಡಿಮೆ. ಹಾಗಾಗಿ ವಂಶವಾಹಿಗಳ ಪಾಲೂ ಸ್ವಲ್ಪ ಇರಬಹುದು.

ನನಗೆ ನಿಜಕ್ಕೂ ಸಿಟ್ಟು ಬರುವುದು, ಸುದ್ದಿ ಓದಿ ಮಕ್ಕಳ ಮಾತ್ರೆ ನಿಲ್ಲಿಸಿಬಿಡುವ ತಂದೆತಾಯಿಗಳನ್ನು ಕಂಡಾಗ. ಆ ಇಸ್ರೇಲ್ ಅಧ್ಯಯನದಲ್ಲೇ, ಎಡಿಎಚ್‌ಡಿಗೆ ಉತ್ತೇಜಕ ಮಾತ್ರೆ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಅಪಾಯ ಸ್ಪಷ್ಟವಾಗಿ ಹೆಚ್ಚಾಗಿರಲಿಲ್ಲ. ಮಾತ್ರೆಯೇ ಕಾಪಾಡಿತು ಅಂತ ಇದರಿಂದ ಹೇಳಲಾಗದು. ಮಾತ್ರೆಯಿಂದಲೇ ಡಿಮೆನ್ಶಿಯಾ ಬರುತ್ತದೆ ಅನ್ನುವುದಕ್ಕಂತೂ ಇದರಲ್ಲಿ ಆಧಾರವೇ ಇಲ್ಲ. ಮಗು ಈ ವರ್ಷ ಕ್ಲಾಸಿನಲ್ಲಿ ಕೂತು ಕಲಿಯಬೇಕಾದದ್ದನ್ನು ಅರವತ್ತು ವರ್ಷದಾಚೆಯ ಭಯಕ್ಕಾಗಿ ತಪ್ಪಿಸಬೇಡಿ. ಅನುಮಾನ ಇದ್ದರೆ ಮಾತ್ರೆ ಬರೆದುಕೊಟ್ಟವರನ್ನೇ ಕೇಳಿ.

ಹಿರಿಯರನ್ನು ಕರೆತರುವುದಾದರೆ ಅವರ ಎಲ್ಲ ಮಾತ್ರೆಗಳೂ ಜೊತೆಗಿರಲಿ. ಸಾಧ್ಯವಾದರೆ ಅವರನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರನ್ನು ಕರೆತನ್ನಿ. ಬರಲಾಗದಿದ್ದರೆ ಫೋನಿನಲ್ಲಾದರೂ ಸಿಗಲಿ.