ಬಾಲ್ಕನಿ ಕಂಬಿ: ಎಷ್ಟು ದಪ್ಪ ಅಂತಲ್ಲ, ಎಲ್ಲಿದೆ ಅಂತ ನೋಡಿ

ಮನೆ ಕಟ್ಸೋರು ನನ್ ಹತ್ರ ಕೇಳೋದು ಯಾವಾಗ್ಲೂ ಒಂದೇ, ಸಾರ್ ಬಾಲ್ಕನಿ ಸ್ಲ್ಯಾಬಿನ ಕಾಂಕ್ರೀಟೊಳಗೆ 10 ಎಂಎಂ ಕಂಬಿ ಸಾಕಾ ಇಲ್ಲಾ 12 ಹಾಕ್ಸ್ಲಾ ಅಂತ. ಕಂಬಿ ಎಲ್ಲಿ ಕೂರ್ಬೇಕು ಅಂತ ಕೇಳಿದೋರು ಮೈಸೂರಲ್ಲಿ ಆಫೀಸ್ ಮಾಡ್ದಾಗಿಂದ ಇಬ್ರೋ ಮೂವರೋ, ಅದ್ರಲ್ಲೊಬ್ಬ ಕಂಬಿ ಕಟ್ಟೋ ಹುಡುಗ.

ಹೋದ ಮಳೆಗಾಲದಲ್ಲಿ ಪಾಂಡವಪುರ ಕಡೆಯಿಂದ ಒಬ್ರು ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿದ್ರು. ಮನೆ ಮುಗ್ದು ಇನ್ನೂ ವರ್ಷ ಆಗಿಲ್ಲ, ಮೇಲ್ಗಡೆ ಬಾಲ್ಕನಿ 4 ಅಡಿ ಆಚೆ ಚಾಚಿದೆ, ಬಾಗಿಲ ಹೊಸಲಿನ ಪಕ್ಕದಲ್ಲೇ ಈ ಗೋಡೆಯಿಂದ ಆ ಗೋಡೆವರ್ಗೂ ಟೈಲ್ಸ್ ಸೀಳಿದೆ. ಒಂದ್ಸಲ ಟೈಲ್ಸ್ ಬದಲಾಯ್ಸಿದ್ದೂ ಆಯ್ತಂತೆ, ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಿಟ್ಕೊಂಡಿದೆ. ಮೇಸ್ತ್ರಿ ಕೇಳಿದ್ರೆ "ಏನೂ ಆಗಕಿಲ್ಲ ಕಣ್ ಸಾ, ವೈಟ್ ಸಿಮೆಂಟ್ ತುಂಬುದ್ರೆ ಆಯ್ತದೆ" ಅಂದ್ನಂತೆ. ಟೈಲ್ಸ್ ತಪ್ಪೇ ಇರ್ಬೋದು ಅಂದ್ಕೊಂಡೇ ಹೋದೆ, ಆದ್ರೆ ಎರಡು ಟೈಲ್ಸ್ ಎಬ್ಬಿಸಿ ನೋಡಿದ್ರೆ ಬಿರುಕು ಕಾಂಕ್ರೀಟಲ್ಲೇ ಇತ್ತು, ಅಲ್ಲೊಂದು ಅಂಗೈಯಗಲ ಉಳೀಲಿ ಒಡ್ಸಿ ಟೇಪ್ ಇಟ್ಟೆ. 5 ಇಂಚು ಸ್ಲ್ಯಾಬು, ಮೇಲಿಂದ ಒಂದಿಂಚು ಕೆಳಗೆ ಸಿಗ್ಬೇಕಿದ್ದ ಕಂಬಿ ಮೂರಿಂಚು ಇಳಿದ್ಮೇಲೆ ಸಿಕ್ತು.

ಮೇಷ್ಟ್ರಿಗೆ ಅರ್ಥ ಆಗ್ಲಿ ಅಂತ ಅವ್ರ ಮೊಮ್ಮಗೂದು ಅಳಿಸೋ ರಬ್ಬರ್ ಈಸ್ಕೊಂಡೆ, ನೀವೂ ಮಾಡಿ ನೋಡಿ. ರಬ್ಬರ್ ಮೇಲ್ಗಡೆ ನಡುಮಧ್ಯೆ ಬ್ಲೇಡಲ್ಲಿ ಅಡ್ಡಕ್ಕೊಂದು ಗೀರು ಹಾಕಿ, ಅರ್ಧ ಟೇಬಲ್ ಮೇಲೆ ಅರ್ಧ ಆಚೆ ಬರೋ ಹಂಗೆ ಒತ್ತಿ ಹಿಡ್ಕೊಂಡು ತುದಿ ಅದುಮಿ, ಗೀರು ಬಾಯಿ ಬಿಡುತ್ತೆ. ಮಗುಚಿ ಗೀರು ಕೆಳಗೆ ಬರೋ ಹಂಗೆ ಇಟ್ಟು ಅದುಮಿದ್ರೆ ಮುಚ್ಕೊಳ್ಳುತ್ತೆ. ಬಾಲ್ಕನಿ, ಸಜ್ಜ, ಪೋರ್ಟಿಕೋ ಹಿಂಗೆ ಒಂದೇ ಕಡೆ ಆಸರೆ ಇರೋದೆಲ್ಲಾ ಇದೇ ಥರ, ಎಳೆತ ಬೀಳೋದು ಮೇಲ್ಗಡೆ. ರೂಮಿನ ಸ್ಲ್ಯಾಬಿಗಾದ್ರೆ ನಡುಮಧ್ಯೆ ಕೆಳಗಡೆ ಎಳೆತ, ಅದಕ್ಕೇ ಅಲ್ಲಿ ಕಂಬಿ ಕೆಳಗೆ. ಕಾಂಕ್ರೀಟು ಅದುಮಿದ್ರೆ ಚೆನ್ನಾಗಿ ತಡೆಯುತ್ತೆ, ಎಳೆದ್ರೆ ಸೀಮೆಸುಣ್ಣದ ಥರ ಪಟ್ ಅನ್ನುತ್ತೆ, ಆ ಎಳೆತ ಹಿಡ್ಕೊಳ್ಳೋಕೆ ತಾನೆ ನಾವು ಕಬ್ಬಿಣಕ್ಕೆ ದುಡ್ಡು ಸುರಿಯೋದು.

ಈಗ ದಪ್ಪ ಕಂಬಿ ಲೆಕ್ಕಕ್ಕೆ ಬನ್ನಿ. 10 ಎಂಎಂ ಬದ್ಲು 12 ಎಂಎಂ ಹಾಕಿದ್ರೆ ಕಬ್ಬಿಣ 44 ಪರ್ಸೆಂಟ್ ಜಾಸ್ತಿ ಆಗುತ್ತೆ, ಬಿಲ್ಲೂ ಅಷ್ಟೇ ಜಾಸ್ತಿ. ಆದ್ರೆ ಬಾಲ್ಕನಿ ತಡೆಯೋ ಶಕ್ತಿ ಸ್ಲ್ಯಾಬಿನ ತಳದಿಂದ ಕಂಬಿ ಎಷ್ಟು ಎತ್ತರದಲ್ಲಿದೆ ಅನ್ನೋದ್ರ ಮೇಲೂ ನಿಂತಿದೆ, 4 ಇಂಚಿರ್ಬೇಕಾದ್ದು 2 ಇಂಚಿಗೆ ಕೂತ್ರೆ ಶಕ್ತಿ ಹೆಚ್ಚುಕಮ್ಮಿ ಅರ್ಧ. ಅಂದ್ರೆ ಕುಸಿದ 12 ಎಂಎಂಗಿಂತ ಜಾಗದಲ್ಲಿರೋ 10 ಎಂಎಂ ಗಟ್ಟಿ. ಮೇಷ್ಟ್ರ ಮನೇಲಿದ್ದಿದ್ದು 12 ಎಂಎಮ್ಮೇ, ಪಾಪ.

ಇದು ಕುಸಿಯೋದು ಡ್ರಾಯಿಂಗಲ್ಲಲ್ಲ, ಮೋಲ್ಡ್ ಹಾಕೋ ದಿನ, ಅಂದ್ರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯೋ ದಿನ. ಬೆಳಗ್ಗೆ ಪೂಜೆ, ಕಾಯಿ ಒಡೆಯೋದು, ಮಿಕ್ಸರ್ ಸದ್ದು, ಮಧ್ಯಾಹ್ನ ಕೆಲಸದೋರಿಗೆ ಬಾಡೂಟ, ಇಪ್ಪತ್ತು ಜನ ಬಾಣಲಿ ಹೊತ್ಕೊಂಡು ಅದೇ ಕಂಬಿ ಮೇಲೆ ಓಡಾಡ್ತಾರೆ, ಬಾಲ್ಕನಿ ಸರದಿ ಬರೋ ಹೊತ್ಗೆ ಸಂಜೆ ಆಗಿ ಎಲ್ರಿಗೂ ಮನೆಗೋಗೋ ಆತುರ. ಕೆಳಗಡೆ ಕುರ್ಚಿ ಇಲ್ದಿದ್ರೆ ಕಂಬಿ ತುಳಿಸ್ಕೊಂಡು ತಳ ಸೇರುತ್ತೆ. ಕುರ್ಚಿ ಅಂದ್ರೆ ಉಳಿದ ತುಂಡು ಕಂಬಿ ಬಗ್ಸಿ ಮಾಡೋ ಕಾಲು, ಅದಕ್ಕೆ ಬೇರೆ ಖರ್ಚೇ ಇಲ್ಲ, ಮೂರಡಿಗೊಂದು ಕೂರ್ಸಿ, ಓಡಾಡೋಕೆ ಹಲಗೆ ಹಾಕ್ಸಿ. ಹಿಂದಿನ ದಿನ ಸಂಜೇನೇ ಹೋಗಿ ಗೋಡೆ ಪಕ್ಕದಲ್ಲಿ ಕಂಬಿ ಮೇಲೆ ನೀವೇ ನಿಂತ್ಕೊಳ್ಳಿ, ಜಗ್ಗಿದ್ರೆ ಮೋಲ್ಡ್ ಮುಂದಕ್ಕಾಕಿ, ಮೇಸ್ತ್ರಿ ಗೊಣಗ್ಲಿ ಬಿಡಿ. ಮೇಲಿನ ಕಂಬಿ ಗೋಡೆ ದಾಟಿ ಒಳಗಿನ ಸ್ಲ್ಯಾಬಲ್ಲೂ ಹೋಗಿದೆಯಾ ನೋಡಿ, 4 ಅಡಿ ಆಚೆ ಇದ್ರೆ ಒಳಗೆ 6 ಅಡಿ ಆದ್ರೂ ಬೇಕು ಅಂತೀನಿ ನಾನು. ಸೆಂಟ್ರಿಂಗ್, ಅಂದ್ರೆ ಕಾಂಕ್ರೀಟ್ ಗಟ್ಟಿಯಾಗೋವರ್ಗೂ ಕೆಳಗೆ ಕೊಟ್ಟಿರೋ ಹಲಗೆ, ಆಸರೆ ಬಿಚ್ಚೋವಾಗ ಬಾಲ್ಕನಿ ತುದಿಯಿಂದ ಗೋಡೆ ಕಡೆಗೆ ಬಿಚ್ಕೊಂಡು ಬರ್ಬೇಕು, ಉಲ್ಟಾ ಅಲ್ಲ.

ಇನ್ನೊಂದು ವಿಷ್ಯ ಯಾರೂ ಲೆಕ್ಕಕ್ಕೇ ತಗೊಳಲ್ಲ, ಪ್ಯಾರಪೆಟ್ಟು. ತುದೀಲಿ ನಾಲ್ಕೂವರೆ ಇಂಚಿಂದು, 3 ಅಡಿ ಎತ್ತರದ ಇಟ್ಟಿಗೆ ಗೋಡೆ ಗಾರೆ ಸೇರಿ ಮೀಟರ್ ಉದ್ದಕ್ಕೆ ಸುಮಾರು 230 ಕೆಜಿ ಬರುತ್ತೆ. ಅದೇ ಮೀಟರ್ ಉದ್ದಕ್ಕೆ ಮೇಷ್ಟ್ರ ಮನೆ ಥರ 4 ಅಡಿ ಚಾಚಿರೋ ಸ್ಲ್ಯಾಬಿನ ಸ್ವಂತ ತೂಕ ಸುಮಾರು 375 ಕೆಜಿ, ಆದ್ರೆ ಅದು ಚಾಚಿರೋದ್ರ ಅರ್ಧದಲ್ಲಿ ಕೂತಂಗೆ, ಗೋಡೆ ಕೂತಿರೋದು ತುಟ್ಟತುದೀಲಿ. ಹಂಗಾಗಿ ಬಗ್ಸೋ ಲೆಕ್ಕದಲ್ಲಿ ಗೋಡೇನೇ ಸ್ಲ್ಯಾಬನ್ನ ಮೀರ್ಸುತ್ತೆ. ಇದರ ಮೇಲೆ ಜನ, ಸಾಮಾನಿನ ಭಾರ ಅಂತ ಐಎಸ್ ಕೋಡ್ (ಕಟ್ಟಡಗಳಿಗಿರೋ ಭಾರತೀಯ ಮಾನಕ) ಪ್ರಕಾರ ರೂಮಿಗೆ ಚದರ ಮೀಟರ್‌ಗೆ 200 ಕೆಜಿ ಹಿಡಿದ್ರೆ ಬಾಲ್ಕನಿಗೆ 300 ಹಿಡೀಬೇಕು, ಯಾಕಂದ್ರೆ ಗಣಪತಿ ಮೆರವಣಿಗೆ ಬಂತು ಅಂದ್ರೆ ಮನೆಮಂದಿ ಎಲ್ಲಾ ಬಂದು ನಿಲ್ಲೋದು ಅಲ್ಲೇ.

ಮೇಷ್ಟ್ರ ಮನೇಲಿ ಮೊದಲು ಮಾಡ್ಸಿದ್ದು ಅದೇ, ಕೆಳಗೆ ಜಾಕಿ ಕೊಟ್ಟು ಪ್ಯಾರಪೆಟ್ ಒಡ್ಸಿ ಕಬ್ಬಿಣದ ರೇಲಿಂಗ್ ಹಾಕ್ಸಿದ್ದು. ಆಮೇಲೆ ತುದಿ ಕೆಳಗೆ ಉದ್ದಕ್ಕೆ ಒಂದು ಕಬ್ಬಿಣದ ತೊಲೆ, ಅದಕ್ಕೆ ಎರಡು ಕಂಬ, ಕಂಬಕ್ಕೆ ಪಾಯ. ಅಂದ್ಮೇಲೆ ಅದೀಗ ಎರಡೂ ಕಡೆ ಆಸರೆ ಇರೋ ಸ್ಲ್ಯಾಬು, ಎಳೆತ ಮಧ್ಯದಲ್ಲಿ ಕೆಳಗಡೆ ಬರುತ್ತೆ, ಇಳಿದು ಕೂತ ಕಂಬಿ ತಳದಿಂದ ಎರಡಿಂಚಲ್ಲಿ ಇದ್ದಿದ್ರಿಂದ ಲೆಕ್ಕ ಹಾಕಿದ್ರೆ ಸಾಕಾಯ್ತು. ಮೇಷ್ಟ್ರಿಗೆ ಬೇಜಾರು ಒಂದೇ, ಒಂದು ಕಂಬ ಸರಿಯಾಗಿ ಕಾರ್ ಬಾಗಿಲು ತೆಗೆಯೋ ಜಾಗಕ್ಕೆ ಬಂತು, ಈಗ ಪ್ರತೀ ಸಲ ಪಕ್ಕದ ಸೀಟಿಂದ ದಾಟ್ಕೊಂಡು ಇಳೀತಾರೆ.